ಜೋಡಿ ಗೆರೆ

ಹೊಳೆ ಇಳಿದ ಮೇಲೆ ಮಠದ ಹಿಂದಿನ ಹೊಲದಲ್ಲಿ ಒಂದು ಕಲ್ಲೂ ಉಳಿದಿರಲಿಲ್ಲ.

ವಾಂತಿಭೇದಿಯ ವರ್ಷ ಸತ್ತವರನ್ನೆಲ್ಲ ಹೂಳಿದ್ದು ಅಲ್ಲೇ. ಗುರುತಿಗೆ ನೆಟ್ಟ ಕಲ್ಲುಗಳನ್ನು ನೆರೆ ಬಳಿದುಕೊಂಡು ಹೋಗಿತ್ತು. ಇನ್ನು ಉಳಿದದ್ದೆಂದರೆ ಶಿಷ್ಯ ಚನ್ನವೀರ ಮಠದ ಹಳೇ ಕಂಪ್ಯೂಟರಿನಲ್ಲಿ ಬರೆದಿಟ್ಟ ನಕ್ಷೆ. ಅಡ್ಡಗೆರೆ, ಉದ್ದಗೆರೆ, ಮೂಲೆ ಎಂದು ಒಂದೊಂದೇ ಗುರುತು ಒತ್ತಿ ಜೋಡಿಸಿದ ಚೌಕಗಳು. ಚೌಕಕ್ಕೊಂದು ಹೆಸರು.

ಆ ಕಂಪ್ಯೂಟರೂ ನೀರುಪಾಲಾಗಿತ್ತು. ಬೇರೆ ಕಡೆ ತೆಗೆದಿಟ್ಟಿದ್ದ ನಕ್ಷೆಯ ನಕಲನ್ನು ಚನ್ನವೀರ ಹೊಸದರಲ್ಲಿ ತೆರೆದು ನೋಡಿದ. ಹೆಸರುಗಳಿದ್ದವು, ಗೆರೆಗಳಿರಲಿಲ್ಲ. ಗೆರೆಯಿದ್ದ ಕಡೆಯೆಲ್ಲ ತಲೆಯ ಮೇಲೆ ಚುಕ್ಕೆ ಹೊತ್ತ ಪರದೇಶಿ ಅಕ್ಷರಗಳು.

ಜಗಲಿಯ ಕೆಳಗೆ ದುರುಗವ್ವ ಬೆಳಿಗ್ಗೆಯಿಂದ ಕೂತಿದ್ದಳು. ಮಗಳು ಹುಲಿಗೆವ್ವನನ್ನು ಹೂಳಿದ ಕುಣಿ ಎಲ್ಲಿತ್ತೆಂದು ತೋರಿಸಿದರೆ ಸಾಕು, ಒಂದು ಹಿಡಿ ಮಣ್ಣು ಒಯ್ಯುತ್ತೇನೆ ಎಂದಿದ್ದಳು.

“ಅಜ್ಜಾರ, ಗೆರಿ ಎಲ್ಲಾ ಹೋಗ್ಯಾವ್ರಿ,” ಎಂದು ಚನ್ನವೀರ ಗುರುಗಳ ಮುಂದೆ ನಿಂತ.

“ಎಲ್ಲಿಗೆ ಹೋದ್ವು?”

“ಎಲ್ಲಿಗೂ ಹೋಗಿಲ್ರಿ. ಯಂತ್ರ ಗೆರಿ ಇಟ್ಕೊಳ್ಳೂದಿಲ್ಲ, ಬರೇ ಅಂಕಿ ಇಟ್ಕೊಂತೈತಿ. ಯಾವ ಅಂಕಿಗೆ ಯಾವ ಗುರುತು ಅಂತ ಒಂದು ಪಟ್ಟಿ ಇರತೈತಿ. ಹಳೇದರ ಪಟ್ಟಿ ಬ್ಯಾರೆ, ಹೊಸದರ ಪಟ್ಟಿ ಬ್ಯಾರೆ. ಅಲ್ಲಿ ಗೆರಿ ಆಗಿದ್ದು ಇಲ್ಲಿ ಅಕ್ಷರ ಆಗೈತಿ.”

“ಪಟ್ಟಿ ಮಾಡಿದವರು ಯಾರು?”

“ಮನುಷ್ಯಾರ ರೀ. ಕುಂತು ಮಾತಾಡಿ ಒಪ್ಕೊಂಡದ್ದು.”

“ಹಳೇ ಪಟ್ಟಿ ಹುಡುಕು.”

ಮಧ್ಯಾಹ್ನದ ಹೊತ್ತಿಗೆ ಪಟ್ಟಿ ಸಿಕ್ಕಿತು. ಗೆರೆಗಳು ತಿರುಗಿ ಬಂದವು. ಚನ್ನವೀರ ಹಿಗ್ಗಿನಿಂದ ಗುರುಗಳನ್ನು ಕರೆತಂದು ತೋರಿಸಿದ.

ಮುದುಕರು ಪರದೆಯ ಹತ್ತಿರಕ್ಕೆ ಬಗ್ಗಿದರು. “ಎಲ್ಲಾ ಕಡೆ ಒಂಟಿ ಗೆರಿ. ನಡುವ ಇದೊಂದು ಯಾಕ ಜೋಡಿ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. “ಒಂಟಿ ಉದ್ದಗೆರಿಗೆ ನೂರ ಎಪ್ಪತ್ತೊಂಬತ್ತು, ಜೋಡಿಗೆ ನೂರ ಎಂಬತ್ತಾರು ರೀ,” ಎಂದು ಚನ್ನವೀರ ಅಂಕಿ ಒಪ್ಪಿಸತೊಡಗಿದ.

“ಅಂಕಿ ಕೇಳಲಿಲ್ಲ, ತಮ್ಮಾ.”

ಚನ್ನವೀರ ತಲೆ ತಗ್ಗಿಸಿದ. “ನೀವು ಜ್ವರದಾಗ ಮಲಗಿದ್ರಿ, ಅಜ್ಜಾರ. ಊರ ಹಿರ್ಯಾರು ಬಂದು, ನಮ್ಮ ಹೆಣದ ಬಾಜೂಕ ಕೇರಿಯವರ ಹೆಣ ಬ್ಯಾಡ ಅಂದ್ರು. ನಾ ಒಪ್ಕೊಂಡೆ. ಜೋಡಿ ಗೆರಿ ಎಳದು ಅವರನ್ನ ಹೊಳಿ ಕಡೆ ಇಟ್ಟೆ. ಅದನ್ನ ನೋಡಿ ನೆಲದಾಗೂ ಗೋಡಿ ಎಬ್ಬಿಸಿದ್ರು.”

ಹುಲಿಗೆವ್ವನ ಹೆಸರು ಜೋಡಿ ಗೆರೆಯಾಚೆ, ಹೊಳೆಯ ಕಡೆಗಿತ್ತು.

ಗುರುಗಳು ಮೂಲೆಯಲ್ಲಿದ್ದ ಬೆತ್ತವನ್ನು ಶಿಷ್ಯನ ಕೈಗಿತ್ತು ಹೊಲಕ್ಕೆ ನಡೆದರು. ದುರುಗವ್ವ ಎದ್ದು ಹಿಂದೆ ಬಂದಳು.

“ಆ ಜೋಡಿ ಗೆರಿ ಇಲ್ಲಿ ಎಳಿ.”

ಹೊಳೆ ದಂಡೆಯನ್ನೇ ಕಿತ್ತು ತಂದು ಹೊಲದ ಮೇಲೆ ಹರವಿತ್ತು. ಎಲ್ಲಿಂದ ಶುರು ಮಾಡುವುದೆಂದೇ ಚನ್ನವೀರನಿಗೆ ತಿಳಿಯಲಿಲ್ಲ. ಅಂದಾಜಿನ ಮೇಲೆ ಬೆತ್ತ ಊರಿ ಎಳೆದ. ಸ್ವಲ್ಪ ದೂರ ಹೋಗುವಷ್ಟರಲ್ಲಿ ತುದಿಗೆ ಏನೋ ತಗುಲಿತು. ರಾಡಿಯೊಳಗಿಂದ ಒಂದು ಎಲುಬು ಮೇಲೆದ್ದಿತು. ಸಣ್ಣದು, ಮಗುವಿನದು.

ಮುಂದೆ ಇನ್ನೊಂದು ಸಿಕ್ಕಿತು. ಅದಕ್ಕೆ ಒತ್ತಿಕೊಂಡೇ ಮತ್ತೊಂದು.

ಅವನು ಬೆತ್ತವನ್ನು ಪಕ್ಕಕ್ಕಿಟ್ಟ.

ದುರುಗವ್ವ ರಾಡಿಯಲ್ಲೇ ಕುಕ್ಕರಿಸಿದಳು. ಯಾವುದನ್ನೂ ಮುಟ್ಟಲಿಲ್ಲ.

“ಮಣ್ಣು ಕೊಡೂ ದಿನ ಗೆರಿ ದಾಟಬ್ಯಾಡ ಅಂದ್ರಿ, ದಾಟಲಿಲ್ರೀ ಯಪ್ಪಾ,” ಎಂದಳು. “ಈಗ ಇದರಾಗ ನನ್ನ ಮಗಳು ಯಾವಾಕಿ, ನೀವ ಆರಿಸಿ ಕೊಡ್ರಿ.”

ಚನ್ನವೀರ ಎಲುಬುಗಳನ್ನು ನೋಡಿದ, ದುರುಗವ್ವನನ್ನು ನೋಡಲಾರದೆ ಗುರುಗಳ ಕಡೆ ತಿರುಗಿದ.

“ಅಜ್ಜಾರ, ಹೊಳಿ ಎಲ್ಲಾ ಕಲಸಿಬಿಟ್ಟೈತ್ರಿ.”

ಗುರುಗಳು ನೀರಿನ ಕಡೆ ನೋಡುತ್ತಿದ್ದರು.

“ನಿನ್ನ ಪಟ್ಟಿ ಹೊಳಿಗೆ ಕೊಟ್ಟಿದ್ದಿಲ್ಲೇನು, ತಮ್ಮಾ?”