ಕೆಂದಿಯ ರೆಕ್ಕೆಗೆ ಬೆಳಕಿಂಡಿ ಬಂದದ್ದು

ಲೋಕ ಆಗಿನ್ನೂ ಹೊಸದು. ಎಷ್ಟು ಹೊಸದು ಅಂದರೆ, ಹೊಳೆಗಳಿಗೆ ದಾರಿ ರೂಢಿಯಾಗಿರಲಿಲ್ಲ. ನಾಲ್ಕು ಮಾರು ಹರಿಯುವುದು, ನಿಲ್ಲುವುದು, ದಡದ ಮೇಲೆ ಯಾರಾದರೂ ಕಂಡರೆ "ಸಮುದ್ರ ಯಾವ ಕಡೆ?" ಅಂತ ಕೇಳುವುದು, ಮತ್ತೆ ಹರಿಯುವುದು. ಗಾಳಿಗೂ ಕೆಲಸ ಪೂರ್ತಿ ಬರುತ್ತಿರಲಿಲ್ಲ. ಬೆಳಿಗ್ಗೆ ಬೀಸಬೇಕಾದ್ದನ್ನು ಮಧ್ಯಾಹ್ನ ಬೀಸಿ ಎಲ್ಲರ ಹತ್ತಿರ ಬೈಸಿಕೊಳ್ಳುತ್ತಿತ್ತು.

ರೆಕ್ಕೆ ಇದ್ದ ಪುಟ್ಟ ಜೀವಗಳ ಪಾಡಂತೂ ಕೇಳಲೇಬೇಡಿ. ಯಾರು ಚಿಟ್ಟೆ, ಯಾರು ಪತಂಗ, ಯಾರ ಮಕ್ಕಳು ಯಾವ ಎಲೆ ತಿನ್ನಬೇಕು, ಒಂದೂ ತೀರ್ಮಾನವಾಗಿರಲಿಲ್ಲ. ಒಂದೇ ಎಲೆಯ ಮೇಲೆ ಹತ್ತು ಜನ ತಾಯಂದಿರು ಮೊಟ್ಟೆ ಇಟ್ಟು ಹೋದರೆ, ಆಮೇಲೆ ಮರಿಹುಳುಗಳು ತಿನ್ನುವುದಾದರೂ ಏನನ್ನು? ದಿನಬೆಳಗಾದರೆ ಜಗಳ.

ಅದಕ್ಕೇ ಎಲ್ಲರೂ ಸೇರಿ ಕೇತಜ್ಜಿಯ ಹತ್ತಿರ ಹೋದರು. ಕೇತಜ್ಜಿ ಲೋಕಕ್ಕಿಂತ ಮೂರು ದಿನ ದೊಡ್ಡವಳು. ಬೆಟ್ಟದ ಬುಡದಲ್ಲಿ ಹೊನ್ನೆ ಮರದ ಕೆಳಗೆ ಕೂತು, ಎಲೆಗೆ ಎಲೆ ಸೇರಿಸಿ, ಬಿದಿರಿನ ಸಣ್ಣ ಕಡ್ಡಿ ಚುಚ್ಚಿ, ಊಟದೆಲೆ ಹಚ್ಚುವುದು ಅವಳ ಕೆಲಸ. ಕಾಡಿನ ಅಷ್ಟೂ ಮರಗಳ ಎಲೆ ಅವಳ ಅಕ್ಕಪಕ್ಕ ರಾಶಿ ಬಿದ್ದಿರುತ್ತಿತ್ತು.

"ಆಗಲಿ, ಪಾಲು ಮಾಡಿ ಕೊಡ್ತೀನಿ," ಅಂದಳು ಕೇತಜ್ಜಿ. "ಸಾಲಾಗಿ ಬನ್ನಿ. ಬಂದೋರು ಈ ಬಂಡೆ ಮೇಲೆ ಕೂತ್ಕೊಳ್ಳಿ. ಕೂರೋ ರೀತಿ ನೋಡಿ ಕುಲ ಹೇಳ್ತೀನಿ. ಕುಲ ಹೇಳಿದ ಮೇಲೆ ಎಲೆ ಕೊಡ್ತೀನಿ. ಯಾವ ಎಲೆ ಕೈಗೆ ಬಂತೋ ಆ ಮರ ಅವರದ್ದು. ಒಂದು ಮಾತು ನೆನಪಿರಲಿ. ನಿಂತ್ಕೊಂಡು, ಹಾರಾಡ್ಕೊಂಡು ಯಾರೂ ನನ್ನ ಹತ್ರ ಬಾಯಿ ಬಿಡಬಾರದು. ಕೂತ ಮೇಲೇ ಮಾತು."

ಶುರುವಾಯಿತು ನೋಡಿ. ಒಂದೊಂದೇ ಬಂದು ಬಂಡೆಯ ಮೇಲೆ ಕೂತವು.

ಎರಡೂ ರೆಕ್ಕೆ ಮೇಲೆತ್ತಿ, ಕೈ ಮುಗಿದ ಹಾಗೆ ಜೋಡಿಸಿ ಕೂತವರಿಗೆ ಅಜ್ಜಿ "ನೀವು ಚಿಟ್ಟೆಗಳು, ಬಲಗಡೆ ಹೋಗಿ" ಅಂದಳು. ರೆಕ್ಕೆ ಇಳಿಬಿಟ್ಟು, ಮನೆಯ ಮಾಡಿನ ಹಾಗೆ ಮಾಡಿ ಕೂತವರಿಗೆ "ನೀವು ಪತಂಗಗಳು, ಎಡಗಡೆ ಹೋಗಿ" ಅಂದಳು. ಕೆಲವರು ಬಂಡೆಗೆ ಅಂಟಿಸಿದಷ್ಟು ಚಪ್ಪಟೆಯಾಗಿ ಕೂತರು. ಅವರೂ ಎಡಗಡೆಗೇ ಹೋದರು. ಮೊರದಗಲ ರೆಕ್ಕೆಯ ಒಬ್ಬಳು ಬಂದು ಕೂತಾಗ ಅಜ್ಜಿಯ ಎಲೆರಾಶಿಯೇ ಮುಚ್ಚಿಹೋಯಿತು. "ಮೆಲ್ಲಗೆ ಕಣಮ್ಮ," ಅಂತ ಬೈದು ಅವಳನ್ನೂ ಎಡಗಡೆಗೆ ಕಳಿಸಿದಳು.

ಸಾಲು ಮುಗಿಯುವ ಹಾಗೆ ಕಾಣಲಿಲ್ಲ. ಒಂದು ದಿನ ಆಯಿತು, ಎರಡು ದಿನ ಆಯಿತು, ಎಂಟು ದಿನ ಆಯಿತು.

ಆ ಸಾಲಿನ ಕಟ್ಟಕಡೆಗೆ ಇದ್ದವಳು ಕೆಂದಿ. ಹೆಬ್ಬೆರಳ ಉಗುರಿನಷ್ಟು ಸಣ್ಣವಳು. ರೆಕ್ಕೆಯ ತುಂಬ ದಪ್ಪಗೆ ಕೆಂದು ಬಣ್ಣದ ಪುಡಿ, ಒಂದು ಚುಕ್ಕೆ ಇಲ್ಲ, ಗೆರೆ ಇಲ್ಲ. ಅವಳ ಹೊಟ್ಟೆಯಲ್ಲಿ ಮೊಟ್ಟೆ ತುಂಬಿತ್ತು. ಮೊಟ್ಟೆಗೇನು ಸಾಲು ಗೊತ್ತೇ, ಸರದಿ ಗೊತ್ತೇ? ಒಂಬತ್ತನೆಯ ದಿನ ಬೆಳಿಗ್ಗೆ ಹೊಟ್ಟೆ ಬಿಗಿಯತೊಡಗಿತು. ಇವತ್ತು ಇಳಿಸದಿದ್ದರೆ ಆಗುವುದಿಲ್ಲ ಅಂತ ಕೆಂದಿಗೆ ಗೊತ್ತಾಯಿತು.

ಸಾಲು ಬಿಟ್ಟು ಹಾರಿದಳು. ಎದುರಿಗೆ ನಿಂಬೆ ಗಿಡ ಕಂಡಿತು. ಹೋಗಿ ಕೂತಳು, ಕೂತಳೋ ಇಲ್ಲವೋ, ಕಪ್ಪು ಹಳದಿ ಸೀರೆಯುಟ್ಟಂತಿದ್ದ ಚಿಟ್ಟೆಯೊಂದು ಧಾವಿಸಿ ಬಂತು.

"ಏಳು," ಅಂದಿತು. "ಈ ಗಿಡ ನಮಗೆ ಸಿಕ್ಕಿದೆ. ನೀನು ನಮ್ಮವಳಲ್ಲ. ನಮ್ಮ ಮೀಸೆ ತುದೀಲಿ ಗುಂಡು ಇರುತ್ತೆ. ನಿನ್ನ ಮೀಸೆ ನೋಡ್ಕೊ, ಬರೀ ದಾರ."

ಕೆಂದಿ ಎದ್ದಳು. ಕಣಗಿಲೆ ಗಿಡಕ್ಕೆ ಹೋಗಿ ಕೂತಳು. ಅಲ್ಲಿ ಹಸಿರು ಮೈಯ ದಪ್ಪ ಪತಂಗವೊಂದು ಹೂವಿನ ಮುಂದೆ ಗಾಳಿಯಲ್ಲೇ ನಿಂತು ಜೇನು ಹೀರುತ್ತಿತ್ತು. ಹೀರುತ್ತಲೇ ಇವಳನ್ನು ನೋಡಿತು.

"ಏಳಮ್ಮ, ಏಳು," ಅಂದಿತು. "ಇದು ನಮ್ಮ ಗಿಡ. ನಮ್ಮ ಮನೇಲಿ ಊಟಕ್ಕೂ ಯಾರೂ ಕೂರಲ್ಲ. ನೀನು ಬಂದು ಹೀಗೆ ಕೂತುಬಿಟ್ಟರೆ ಹೇಗೆ?"

ಕೆಂದಿ ಎದ್ದಳು. ಮತ್ತಿ ಮರಕ್ಕೆ ಹೋಗಿ ಕೂತಳು. ಅಲ್ಲಿ ರೇಷ್ಮೆ ಪತಂಗಗಳ ದೊಡ್ಡಮ್ಮ ಇದ್ದಳು. ಅವಳ ನಾಲ್ಕೂ ರೆಕ್ಕೆಯ ಮೇಲೆ ದುಂಡು ಕಣ್ಣುಗಳು. ಅಷ್ಟು ಕಣ್ಣಲ್ಲೂ ಕೆಂದಿಯನ್ನು ಮೇಲಿಂದ ಕೆಳಗೆ ನೋಡಿದಳು.

"ನಿನಗೆ ನೂಲೋದು ಬರುತ್ತಾ ಮಗಳೇ?"

"ಇಲ್ಲ ದೊಡ್ಡಮ್ಮ."

"ಹಾಗಾದರೆ ಏಳು. ಇದು ನೂಲೋರ ಮರ."

ಕೆಂದಿ ಎದ್ದಳು. ಹರಳು ಗಿಡಕ್ಕೆ ಹೋದಳು, ಏಳು ಅಂದರು. ಆಲಕ್ಕೆ ಹೋದಳು, ಏಳು ಅಂದರು. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಹೇಗಾಯಿತು ಅಂದರೆ, ಕಾಲು ಎಲೆಗೆ ತಾಕಿದರೆ ಸಾಕು, ಯಾರೂ ಹೇಳದಿದ್ದರೂ ಕಿವಿಯಲ್ಲಿ "ಏಳು" ಅಂತ ಕೇಳುತ್ತಿತ್ತು. ಕಾಲು ತಾವಾಗಿಯೇ ಎತ್ತಿಕೊಳ್ಳುತ್ತಿದ್ದವು. ಯಾರದ್ದೂ ಅಲ್ಲದ ಒಣಕಡ್ಡಿಯ ಮೇಲೂ ಅವಳಿಗೆ ಕೂರಲಾಗಲಿಲ್ಲ.

"ಯಾಕೇ ಹೀಗೆ ಹಾರ್ತಾನೇ ಇದೀಯ?" ಅಂತ ಹೊಳೆ ಕೇಳಿತು. "ನೋಡೋರಿಗೇ ಆಯಾಸ ಆಗುತ್ತೆ."

"ಕೂರೋಕೆ ಜಾಗ ಇಲ್ಲ ಹೊಳೆಯಕ್ಕ. ಹೊಟ್ಟೇಲಿ ಮೊಟ್ಟೆ ಇದೆ. ಎಲೆ ಬೇಕು."

"ನನ್ನ ಹತ್ರ ಇರೋದು ನೀರು. ನೀರಿನ ಮೇಲೆ ಇಟ್ಟರೆ ಕೊಚ್ಕೊಂಡು ಹೋಗುತ್ತೆ," ಅಂದಿತು ಹೊಳೆ. ಅದಕ್ಕೂ ಬೇಜಾರಾಯಿತು. ಆದರೆ ನಿಲ್ಲುವಂತಿರಲಿಲ್ಲ, ಹರಿದು ಹೋಯಿತು.

ಅಷ್ಟರಲ್ಲಿ ಗಾಳಿ ಬಂತು. "ಕೆಂದಿ, ಮೊದಲೇ ಹೇಳಿಬಿಡ್ತೀನಿ," ಅಂದಿತು. "ಇವತ್ತು ಹೊತ್ತು ಇಳಿಯೋ ಮುಂಚೆ ನಾನು ಜೋರಾಗಿ ಬೀಸಬೇಕು. ಬೀಜಗಳೆಲ್ಲ ಕಾಯ್ತಾ ಕೂತಿವೆ. ಗಟ್ಟಿಯಾಗಿ ಅಂಟಿಸದ ಮೊಟ್ಟೆ ಇದ್ದರೆ ನನಗೆ ಕಾಣಲ್ಲ, ಹಾರಿಸಿಬಿಡ್ತೀನಿ. ಆಮೇಲೆ ನನ್ನನ್ನ ಶಪಿಸಬೇಡ."

"ಸ್ವಲ್ಪ ತಡಿ ಗಾಳಿಯಣ್ಣ."

"ತಡೆದೂ ತಡೆದೂ ಬೈಸ್ಕೊಂಡಿದೀನಿ ಕಣಮ್ಮ. ಇವತ್ತಾದರೂ ಹೊತ್ತಿಗೆ ಸರಿಯಾಗಿ ಕೆಲಸ ಮಾಡ್ತೀನಿ," ಅಂದು ಗಾಳಿ ಬೆಟ್ಟದ ಆಚೆ ಹೋಯಿತು.

ಕೆಂದಿ ಮತ್ತೆ ಸಾಲಿಗೆ ಓಡಿ ಬಂದಳು. ಸಾಲು ಖಾಲಿ. ಉಳಿದವಳು ಅವಳೊಬ್ಬಳೇ.

ಕೇತಜ್ಜಿಗೂ ಸಾಕಾಗಿತ್ತು. ಒಂಬತ್ತು ದಿನ ಕೂತು ಕೂತು ಸೊಂಟ ಹಿಡಿದುಕೊಂಡಿತ್ತು. ಬೆಳಗಿನಿಂದ ಒಂದು ತುತ್ತು ಹೊಟ್ಟೆಗೆ ಬಿದ್ದಿರಲಿಲ್ಲ. ತನಗೆ ಅಂತ ಒಂದು ಊಟದೆಲೆ ಹಚ್ಚಿ ಮಡಿಲಲ್ಲಿ ಇಟ್ಟುಕೊಂಡಿದ್ದಳು.

"ಬಾ, ಬೇಗ ಕೂತ್ಕೊ," ಅಂದಳು.

ಕೆಂದಿ ಬಂಡೆಗೆ ಕಾಲು ತಾಕಿಸಿದಳು. ಕಿವಿಯಲ್ಲಿ "ಏಳು" ಅಂತ ಕೇಳಿತು. ಎದ್ದಳು.

"ಕೂತ್ಕೊ ಅಂದೆ."

ಕಾಲು ತಾಕಿಸಿದಳು, ಎದ್ದಳು.

"ಹೊಸ ಆಟ ಇದು. ಕೂತ್ಕೊಳೇ."

ಹೇಳಿಬಿಡೋಣ ಅಂತ ಕೆಂದಿಗೆ ನಾಲಿಗೆ ತುದಿಗೆ ಬಂತು. ಆದರೆ ಕೂತ ಮೇಲೇ ಮಾತು ಅಂದಿದ್ದಾಳಲ್ಲ ಅಜ್ಜಿ. ಕೂರದೆ ಬಾಯಿ ಬಿಟ್ಟರೆ ಇದ್ದ ಒಂದು ದಾರಿಯೂ ಹೋಗುತ್ತದೆ ಅಂತ ಹೆದರಿದಳು. ತಾಕಿಸಿದಳು, ಎದ್ದಳು. ತಾಕಿಸಿದಳು, ಎದ್ದಳು. ಬಲಗಡೆ ಚಿಟ್ಟೆಗಳು ನಕ್ಕವು, ಎಡಗಡೆ ಪತಂಗಗಳೂ ನಕ್ಕವು.

ಕೇತಜ್ಜಿಯ ಸಹನೆ ಮುಗಿಯಿತು. "ಒಂದು ಗಳಿಗೆ ಕೂತರೆ ನಿನ್ನ ಗಂಟೇನು ಹೋಗುತ್ತೆ?" ಅಂದವಳೇ, ಕೈ ಚಾಚಿ, ಹೆಬ್ಬೆರಳು ತೋರುಬೆರಳ ನಡುವೆ ಕೆಂದಿಯ ರೆಕ್ಕೆಗಳನ್ನು ಹಿಡಿದು ಬಂಡೆಯ ಮೇಲೆ ಕೂರಿಸಿಬಿಟ್ಟಳು.

ಆವರೆಗೆ ಲೋಕದಲ್ಲಿ ಯಾರೂ ಪತಂಗವನ್ನು ಬೆರಳಲ್ಲಿ ಹಿಡಿದಿರಲಿಲ್ಲ. ಹಿಡಿದರೆ ಏನಾಗುತ್ತದೆ ಅಂತ ಅಜ್ಜಿಗೂ ಗೊತ್ತಿರಲಿಲ್ಲ. ಕೈ ತೆಗೆದು ನೋಡುತ್ತಾಳೆ, ಬೆರಳ ತುದಿಯೆಲ್ಲ ಕೆಂದು ಪುಡಿ. ಕೆಂದಿಯ ರೆಕ್ಕೆಯಲ್ಲಿ ಬೆರಳು ತಾಕಿದ ಕಡೆಯೆಲ್ಲ ಬಣ್ಣ ಹೋಗಿ, ತೆಳ್ಳನೆಯ ಪೊರೆಯೊಂದೇ ಉಳಿದಿತ್ತು. ಆಚೆಯ ಬೆಳಕು ಈಚೆಗೆ ಕಾಣುತ್ತಿತ್ತು.

ನಗುತ್ತಿದ್ದವರೆಲ್ಲ ಕತ್ತು ಚಾಚಿ ನೋಡಿದರು.

ಕೆಂದಿಗೆ ತನ್ನ ಕಥೆ ಮುಗಿಯಿತು ಅನ್ನಿಸಿತು. ಹಾರಿದರೆ ರೆಕ್ಕೆ ಹರಿದೇ ಹೋಗುತ್ತದೇನೋ ಅನ್ನುವ ಭಯಕ್ಕೆ ಅಲ್ಲೇ ನಿಂತಳು. ಕೂತಳು ಅಂತಲೂ ಹೇಳಲಾಗದು. ಮುಂಗಾಲು ನೆಟ್ಟಗೆ ಊರಿ, ಎದೆ ಮೇಲೆತ್ತಿ, ರೆಕ್ಕೆಯನ್ನು ಜೋಡಿಸಲೂ ಇಲ್ಲ, ಇಳಿಬಿಡಲೂ ಇಲ್ಲ, ಅರ್ಧ ಬಿಚ್ಚಿಕೊಂಡು ಹೊರಟು ನಿಂತವಳ ಹಾಗೆ ಇದ್ದಳು.

"ಇದು ನಮ್ಮ ಕೂರೋ ರೀತಿ ಅಲ್ಲ," ಅಂದವು ಚಿಟ್ಟೆಗಳು.

"ನಮ್ಮದೂ ಅಲ್ಲ," ಅಂದವು ಪತಂಗಗಳು.

ಕೇತಜ್ಜಿ ಯಾರ ಮಾತೂ ಕೇಳಿಸಿಕೊಳ್ಳಲಿಲ್ಲ. ಬಗ್ಗಿ, ಕೆಂದಿಯ ಹತ್ತಿರ ಮುಖ ತಂದಳು. ರೆಕ್ಕೆಯ ಕಿಂಡಿಯಿಂದ ಒಳಗೆ ಕಣ್ಣು ಹೋಯಿತು. ಹೊಟ್ಟೆ ಬಿಗಿದು ಊದಿಕೊಂಡಿತ್ತು, ನಡುಗುತ್ತಿತ್ತು.

"ಅಯ್ಯೋ ನನ್ನ ತಾಯಿ," ಅಂದಳು ಅಜ್ಜಿ. "ತುಂಬಿದ ಬಸುರಿ. ಯಾಕೆ ಹೇಳಲಿಲ್ಲ ನೀನು?"

"ಕೂತ ಮೇಲೇ ಮಾತು ಅಂದಿದ್ರಲ್ಲ ಅಜ್ಜಿ," ಅಂದಳು ಕೆಂದಿ.

ಕೇತಜ್ಜಿ ಹಣೆ ಹಣೆ ಚಚ್ಚಿಕೊಂಡಳು. ಹಣೆಗೂ ಕೆಂದು ಪುಡಿ ಅಂಟಿತು. "ಬಸುರಿ ಬಂದರೆ ಮೊದಲು ಬಯಕೆ ಏನು ಅಂತ ಕೇಳಬೇಕು. ನಾನು ಕುಲ ಕೇಳ್ತಾ ಕೂತಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ. ಹೇಳು ಮಗಳೇ, ಏನು ಬಯಕೆ ನಿನಗೆ? ಹುಳಿ ಬೇಕಾ? ಜೇನು ಬೇಕಾ?"

"ಒಂದು ಎಲೆ ಬೇಕು," ಅಂದಳು ಕೆಂದಿ. "ನಾನು ಕೂತರೆ ಯಾರೂ ಏಳು ಅನ್ನದ ಎಲೆ."

ಆ ಮಾತಿಗೆ ಅಜ್ಜಿಯ ಕಣ್ಣಲ್ಲಿ ನೀರು ಬಂತು. ಅಕ್ಕಪಕ್ಕ ತಡಕಿದಳು. ರಾಶಿಯಲ್ಲಿ ಒಂದು ಎಲೆಯೂ ಉಳಿದಿರಲಿಲ್ಲ. ಒಂಬತ್ತು ದಿನದಲ್ಲಿ ಎಲ್ಲ ಮರವೂ ಎಲ್ಲರ ಪಾಲಾಗಿತ್ತು. ಉಳಿದದ್ದು ಅವಳ ಮಡಿಲಲ್ಲಿದ್ದ ಊಟದೆಲೆ ಒಂದೇ. ಅದನ್ನೇ ತೆಗೆದು ಬಂಡೆಯ ಮೇಲೆ ಹಾಸಿದಳು.

"ಇದರ ಮೇಲೆ ಇಡು."

"ನಿಮ್ಮ ಊಟ?"

"ನಾನು ಕೈಯಲ್ಲಿ ಹಾಕ್ಕೊಂಡು ತಿಂತೀನಿ. ನೀನು ಬಾ."

ಕೆಂದಿ ಎಲೆಯ ಮೇಲೆ ಬಂದಳು. ಆಗಲೂ ಕಾಲು ಎತ್ತಿಕೊಳ್ಳಲು ನೋಡಿತು. ಅಜ್ಜಿ "ಇರು, ಇರು" ಅಂತ ಮೆಲ್ಲಗೆ ಹೇಳುತ್ತ ಹೋದಳು. ಒಂದು ಮೊಟ್ಟೆ ಇಳಿಯಿತು. ಇರು, ಇರು. ಇನ್ನೊಂದು ಇಳಿಯಿತು. ಕೊನೆಯ ಮೊಟ್ಟೆ ಇಳಿದು ಕೆಂದಿ ಸರಿದು ನಿಲ್ಲುವುದಕ್ಕೂ, ಬೆಟ್ಟದ ಆಚೆಯಿಂದ ಗಾಳಿ ಹೊರಡುವುದಕ್ಕೂ ಸರಿಹೋಯಿತು. ದೂರದ ಮರಗಳು ಬಾಗತೊಡಗಿದವು.

ಕೇತಜ್ಜಿ ತಡಮಾಡಲಿಲ್ಲ. ಎಲೆಯನ್ನು ಒಂದು ಮೂಲೆಯಿಂದ ಹಿಡಿದು, ಮೊಟ್ಟೆಗಳನ್ನು ಒಳಗೆ ಮಾಡಿ, ಗಿರಗಿರನೆ ಸುತ್ತಿ ಪೊಟ್ಟಣ ಮಾಡಿ, ಕಡ್ಡಿ ಚುಚ್ಚಿದಳು. ಗಾಳಿ ಬಂತು, ಪೊಟ್ಟಣದ ಸುತ್ತ ಸುಳಿದಾಡಿತು. "ಒಳಗೆ ಹೋಗೋಕೆ ಸಂದೇ ಇಲ್ಲವಲ್ಲ ಅಜ್ಜಿ," ಅಂದಿತು. "ಇಲ್ಲ, ನಡಿ ಮುಂದೆ," ಅಂದಳು ಅಜ್ಜಿ. ಗಾಳಿ ಬೀಜಗಳನ್ನು ಎತ್ತಿಕೊಂಡು ತನ್ನ ಪಾಡಿಗೆ ಹೋಯಿತು. ಎಲೆಯೊಳಗೆ ಒಂದು ಮೊಟ್ಟೆಯೂ ಅಲುಗಲಿಲ್ಲ.

ಆಮೇಲೆ ಅಜ್ಜಿ ಕೆಂದಿಯ ರೆಕ್ಕೆ ರಿಪೇರಿಗೆ ಕೂತಳು. ಬೆರಳಲ್ಲಿ ಅಂಟಿದ್ದ ಪುಡಿಯನ್ನು ಕೆರೆದು, ಕಡ್ಡಿಯ ತುದಿಯಿಂದ ತಿರುಗಿ ರೆಕ್ಕೆಗೆ ಹಚ್ಚಿದಳು. ಪುಡಿ ಸ್ವಲ್ಪವೇ ಇತ್ತು. ಅಡ್ಡಕ್ಕೊಂದು ಗೆರೆ, ಉದ್ದಕ್ಕೊಂದು ಗೆರೆ ಎಳೆಯುವಷ್ಟರಲ್ಲಿ ಮುಗಿದುಹೋಯಿತು. ರೆಕ್ಕೆಯೆಲ್ಲ ಬಲೆಬಲೆಯಾಯಿತು. ಕಿಂಡಿಗಳು ಹಾಗೇ ಉಳಿದವು.

"ಇಷ್ಟೇ ನನ್ನ ಕೈಲಾಗಿದ್ದು," ಅಂದಳು ಅಜ್ಜಿ. "ತಪ್ಪು ನನ್ನದು. ಬೇಜಾರು ಮಾಡ್ಕೋಬೇಡ."

ಕೆಂದಿ ರೆಕ್ಕೆ ಆಡಿಸಿ ನೋಡಿದಳು. ಹಾರಲು ಬರುತ್ತಿತ್ತು. ಅಷ್ಟು ಸಾಕಾಗಿತ್ತು ಅವಳಿಗೆ.

ಕೇತಜ್ಜಿ ಎದ್ದು ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ಇವಳ ಮೀಸೇಲಿ ಗುಂಡಿಲ್ಲ, ಆದ್ದರಿಂದ ಪತಂಗವೇ. ಆದರೆ ಇವಳ ಮನೆತನ ಬೇರೆ. ಇವತ್ತಿನಿಂದ ಇವರು ಬೆಳಕಿಂಡಿಯೋರು. ಇವರ ಮಕ್ಕಳು ಯಾವ ಮರದ ಎಲೆಯನ್ನ ಸುತ್ತಿ ಪೊಟ್ಟಣ ಮಾಡ್ಕೊಂಡರೂ ಆ ಎಲೆ ಅವರದ್ದು. ಒಳಗಿದ್ದೋರಿಗೆ ಯಾರೂ ಏಳು ಅನ್ನೋ ಹಾಗಿಲ್ಲ. ತಿಳೀತಾ?"

ಮತ್ತಿ ಮರದ ದೊಡ್ಡಮ್ಮ ಗೊಣಗಿದಳು. ಆದರೂ ಒಪ್ಪಿದಳು. ಎಲ್ಲರೂ ಒಪ್ಪಿದರು.

ಅದಕ್ಕೇ ಈಗಲೂ ಬೆಳಕಿಂಡಿಯವರ ಮರಿಹುಳುಗಳು ಎಲೆ ಸುತ್ತಿಕೊಂಡು, ಅದರೊಳಗೆ ಕೂತು ನೆಮ್ಮದಿಯಾಗಿ ತಿನ್ನುತ್ತವೆ. ಗಿಡದಲ್ಲಿ ಎಲ್ಲಾದರೂ ಒಂದು ಎಲೆ ಕಡಲೆಕಾಯಿ ಪೊಟ್ಟಣದ ಹಾಗೆ ಸುತ್ತಿಕೊಂಡಿದ್ದರೆ ಬಿಚ್ಚಲು ಹೋಗಬೇಡಿ.

ದೊಡ್ಡವಾಗಿ ರೆಕ್ಕೆ ಬಂದ ಮೇಲೆ ಮಾತ್ರ ಅವು ತಾಯಿಯ ಹಾಗೇ. ಒಣಗಿದೆಲೆಯ ಬಣ್ಣ, ಮೈತುಂಬ ಬಲೆಬಲೆ ಗೆರೆ, ನಡುವೆ ಬೆಳಕು ತೂರುವ ಕಿಂಡಿ. ಅಂಥ ಪುಟ್ಟ ಪತಂಗವೊಂದು ನಿಮ್ಮ ಮನೆಯ ಗೋಡೆಗೆ ಬಂದರೆ ಗಮನವಿಟ್ಟು ನೋಡಿ. ಕೂತಿದ್ದರೂ ಅದು ಮುಂಗಾಲು ನೆಟ್ಟಗೆ ಊರಿ, ಎದೆ ಮೇಲೆತ್ತಿಯೇ ಇರುತ್ತದೆ. ಎಷ್ಟು ಕಾಲವಾಯಿತು, ಕುಲ ಸಿಕ್ಕಿತು, ಎಲೆ ಸಿಕ್ಕಿತು, ಆದರೂ ಈಗ ಯಾರಾದರೂ "ಏಳು" ಅಂದಾರು ಅಂತ ಅದು ಇನ್ನೂ ಕಾಯುತ್ತಿದೆ. ನೀವು ಅನ್ನಬೇಡಿ.