ಬೋರಯ್ಯನ ಮುದ್ದೆ ಮುಗಿಯೋವರೆಗೆ

ಹೊಳೆ ದಂಡೇಲಿ ಒಂದು ಆಶ್ರಮ. ದೊಡ್ಡದೇನಲ್ಲ. ಎರಡು ಕೋಣೆ, ಒಂದು ಅಡುಗೆಮನೆ, ನೀರಿಗಿಳಿಯೋಕೆ ಹನ್ನೆರಡು ಮೆಟ್ಟಿಲು.

ಅಲ್ಲಿದ್ದೋರು ಇಬ್ರೇ. ಒಬ್ರು ವಯಸ್ಸಾದ ಗುರುಗಳು, ಪರದೇಶಪ್ಪನೋರು ಅಂತ. ಸುತ್ತಮುತ್ತಲ ಜನ ಎಲ್ಲಾ ಅವರನ್ನ ‘ಬುದ್ಧಿ’ ಅಂತಲೇ ಕರೀತಿದ್ರು. ಇನ್ನೊಬ್ಬ ಅವರ ಶಿಷ್ಯ ದೊರೆ. ಹೆಸರು ದೊರೆ, ಕೆಲಸ ಮಾತ್ರ ಸೌದೆ ಒಡೆಯೋದು, ಪಾತ್ರೆ ಬೆಳಗೋದು, ಬಿಡುವಾದ್ರೆ ಏನಾದ್ರೂ ಓದೋದು. ಅವನವ್ವ ಊರಲ್ಲಿ ಒಬ್ಳೇ ಇದ್ಲು.

ಆಶ್ರಮಕ್ಕೆ ಒಂದು ಫೋನಿತ್ತು. ಆ ಫೋನಿಗೆ ಒಂದು ಕಟ್ಟಳೆನೂ ಇತ್ತು. ಯಾರೇ ಮಾಡ್ಲಿ, ಎಷ್ಟು ಹೊತ್ತೇ ಮಾತಾಡ್ಲಿ, ಆಶ್ರಮದ ಕಡೆಯಿಂದ ಮೊದಲು ಇಡೋ ಹಾಗಿಲ್ಲ. ಮಾಡಿದೋರಿಗೆ ಸಾಕು ಅನ್ನಿಸ್ಬೇಕು, ಅವರೇ ಇಡ್ಬೇಕು.

ದಿನಾ ದೀಪ ಹಚ್ಚೋ ಹೊತ್ತಿಗೆ ಆಚೆ ದಡದಿಂದ ಸಾಕಮ್ಮ ಮಾಡೋಳು. ಅವಳಪ್ಪ ಬೋರಯ್ಯ ಆ ಹೊಳೇಲಿ ಐವತ್ತು ವರ್ಷ ಹರಗೋಲು ಹಾಕಿದ ಅಂಬಿಗ. ಈಗ ಅವನಿಗೆ ಮಗಳ ಹೆಸರೂ ನೆನಪಿಲ್ಲ. ತಟ್ಟೆ ಮುಂದಿಟ್ರೆ ಅದು ಊಟ ಅನ್ನೋದೂ ಗೊತ್ತಾಗ್ತಿರ್ಲಿಲ್ಲ. ಬುದ್ಧಿಯೋರೊಬ್ರು ಮಾತ್ರ ಹೇಗೋ ನೆನಪಲ್ಲಿ ಉಳ್ಕೊಂಡಿದ್ರು. ಅವರು ಹೇಳಿದ್ರೆ ಉಣ್ಣೋನು.

‘ಬೋರಣ್ಣ, ಒಂದು ತುತ್ತು ತಗೋ’ ಅಂತ ಇವರು ಫೋನಲ್ಲಿ ಅನ್ನೋರು. ಅವನು ಒಂದು ತುತ್ತು ತಗೊಂಡು ‘ನೀರು ಏರಿದ್ಯಾ ಬುದ್ಧಿ’ ಅನ್ನೋನು. ಇವರು ಹೇಳೋರು. ಮತ್ತೊಂದು ತುತ್ತು, ಮತ್ತೊಂದು ಪ್ರಶ್ನೆ. ಒಂದು ಮುದ್ದೆ ಮುಗಿಯೋಕೆ ಮುಕ್ಕಾಲು ಗಂಟೆ.

ಹೀಗಿರೋವಾಗ ಫೋನಿಗೆ ವಯಸ್ಸಾಯ್ತು. ಬ್ಯಾಟರಿ ಉಬ್ಕೊಂಡು ಹಿಂದಿನ ಮುಚ್ಚಳ ಎದ್ದು ನಿಂತ್ಕೊಳ್ತು. ಬೆಳಿಗ್ಗೆ ತುಂಬಿಸಿದ ಚಾರ್ಜು ಸಂಜೆಗೆ ತೂತು ಬಿಂದಿಗೆ ನೀರಿನ ಹಾಗೆ ಖಾಲಿ. ಚಾರ್ಜಿಗೆ ಹಾಕ್ಕೊಂಡೇ ಮಾತಾಡೋಣ ಅಂದ್ರೆ, ಪ್ಲಗ್ಗಿದ್ದಿದ್ದು ಅಡುಗೆಮನೇಲಿ, ಸಿಗ್ನಲ್ ಸಿಗ್ತಿದ್ದಿದ್ದು ಮೇಲಿನ ಮೆಟ್ಟಿಲಲ್ಲಿ. ಸಂಜೆ ಹೊತ್ತು ಕರೆಂಟೂ ಇರ್ತಿರ್ಲಿಲ್ಲ.

ಒಂದಿನ ನಾಲ್ಕನೇ ತುತ್ತಿಗೆ ಫೋನು ಕಣ್ಮುಚ್ಚಿತು. ಬೋರಯ್ಯ ಐದನೇದು ಉಣ್ಣಲಿಲ್ಲ. ಮಾರನೇ ದಿನ ಎರಡೇ ತುತ್ತು. ಅದರ ಮಾರನೇ ದಿನ ಫೋನು ಆನ್ ಕೂಡ ಆಗ್ಲಿಲ್ಲ.

ಬುದ್ಧಿಯೋರು ದೊರೆನ ಕರೆದ್ರು.

‘ಪೇಟೇಲಿ ನಮ್ಮ ಜಬೀವುಲ್ಲಾ ಫೋನಂಗಡಿ ಇಟ್ಟಿದಾನಲ್ಲ, ಬೇಕಾಗಿದ್ದು ತಗೊಂಡ್ಹೋಗಿ ಅಂದಿದಾನೆ. ಯಾವುದು ಅಂತ ನೀನೇ ಆರಿಸು. ಮುಖ ಕಾಣೋ ಅಂಥದ್ದಿರ್ಲಿ. ಮುಖ ಕಂಡ್ರೆ ಅಪ್ಪ ಇನ್ನೆರಡು ತುತ್ತು ಜಾಸ್ತಿ ಉಣ್ತಾನೆ ಅಂದ್ಲು ಸಾಕಮ್ಮ.’

‘ಆಗ್ಲಿ ಬುದ್ಧಿ.’

ದೊರೆ ಪೇಟೆಗೆ ಹೋದ. ಫೋನು ತರ್ಲಿಲ್ಲ. ಫೋನುಗಳ ವಿವರ ಇರೋ ಹಾಳೆಗಳ ಕಂತೆ ತಂದ. ಎರಡು ದಿನ ಅದನ್ನ ಪುರಾಣ ಓದೋ ಹಾಗೆ ಓದಿದ. ಗೆರೆ ಎಳೆದು, ಪಟ್ಟಿ ಮಾಡಿ, ಅಳಿಸಿ, ಮತ್ತೆ ಮಾಡಿದ.

ಆಚೆ ದಡದಿಂದ ಸುದ್ದಿ ಬಂತು. ಬೋರಯ್ಯ ಎರಡು ದಿನದಿಂದ ಬರೀ ಮಜ್ಜಿಗೇಲಿ ಇದಾನೆ ಅಂತ.

‘ಏನಾಯ್ತೋ ಮಗ?’ ಅಂದ್ರು ಬುದ್ಧಿಯೋರು.

‘ಮುಗೀತು ಬುದ್ಧಿ. ಒಂಬತ್ತು ಫೋನು ಪಕ್ಕಪಕ್ಕ ಇಟ್ಟು ನೋಡಿದೀನಿ. ಇದು ವೀಳ್ಯದೆಲೆಯಷ್ಟು ತೆಳ್ಳಗಿದೆ. ಇದರ ಪರದೆ ಬೆಣ್ಣೆ ಥರ ಜಾರುತ್ತೆ. ಇದಕ್ಕೆ ನಾಲ್ಕು ಕ್ಯಾಮರಾ. ನನಗೆ ಇದೇ ಸರಿ ಅನ್ಸುತ್ತೆ.’

‘ಬ್ರಹ್ಮಂಗೆ ನಾಲ್ಕು ತಲೆ, ಇದಕ್ಕೆ ನಾಲ್ಕು ಕಣ್ಣು. ಅಷ್ಟು ಕಣ್ಣಲ್ಲಿ ಏನು ನೋಡುತ್ತಂತೆ?’

ದೊರೆ ತಲೆ ತಗ್ಗಿಸಿದ.

‘ಹೇಳೋ.’

‘ನಿಮ್ಮನ್ನ ಬುದ್ಧಿ. ನಿಮ್ಮದು ಒಂದು ಫೋಟೋನೂ ಇಲ್ಲ ಇಲ್ಲಿ. ನಾಳೆ ದಿನ…’

ಬುದ್ಧಿಯೋರು ಅವನ ಕಿವಿ ಹಿಡಿದು ಮೆತ್ತಗೆ ಎಳೆದ್ರು.

‘ಬೆಳಗಾದ್ರೆ ಈ ಮುಖಾನೇ ನೋಡ್ತೀಯ. ಇನ್ನೂ ಸಾಲ್ದಾ?’

‘ಸಾಲ್ದು ಬುದ್ಧಿ.’

ಬುದ್ಧಿಯೋರು ಪಟ್ಟಿ ಇಸ್ಕೊಂಡು, ಕಣ್ಣಿಗೆ ಹತ್ರ ಹಿಡಿದು, ಮೇಲಿಂದ ಕೆಳಗೆ ಓದಿದ್ರು.

‘ಅಕ್ಷರ ಮುತ್ತಿನ ಹಾಗಿದೆ. ಬೋರಣ್ಣನ ಮುದ್ದೆ ಯಾವ ಸಾಲಲ್ಲಿದೆ?’

ದೊರೆ ನಿಜವಾಗ್ಲೂ ಒಂದು ಸಲ ಪಟ್ಟಿ ಮೇಲೆ ಕಣ್ಣಾಡಿಸಿದ.

‘ನಾಳೆ ಒಂದು ದಿನ ನೀನೇ ಫೋನಾಗು. ನಾಡಿದ್ದು ಪೇಟೆಗೆ ಹೋಗುವೆಯಂತೆ.’

‘ಫೋನಾಗೋದು ಅಂದ್ರೆ?’

‘ಬೆಳಿಗ್ಗೆ ಒಂದು ಸಲ ಹೊಟ್ಟೆ ತುಂಬ ಉಣ್ಣು. ಅದೇ ಚಾರ್ಜು. ಆಮೇಲೆ ಬೋರಣ್ಣನ ಊಟ ಮುಗಿಯೋವರೆಗೆ ಏನೂ ಇಲ್ಲ. ಯಾರು ಕರೆದ್ರೂ ಹೋಗಿ “ಹೇಳಿ” ಅನ್ನು. ಅವರ ಮಾತು ನನಗೆ, ನನ್ನ ಮಾತು ಅವರಿಗೆ ಮುಟ್ಟಿಸು. ನಾಳೆ ದೊರೆನೇ ಫೋನು, ಸಂಜೆ ಅಪ್ಪನ್ನ ಹರಗೋಲಲ್ಲಿ ಕರ್ಕೊಂಡು ಬಾ ಅಂತ ಸಾಕಮ್ಮನಿಗೆ ಹೇಳಿ ಕಳ್ಸಿದೀನಿ.’

‘ಇಷ್ಟೇನಾ?’

‘ಇಷ್ಟೇ ಕಣಪ್ಪ.’

ಮಾರನೇ ದಿನ ಸೋಮವಾರ. ಆಶ್ರಮಕ್ಕೆ ಜನ ಬರೋ ದಿನ. ದೊರೆ ಆರು ಅಕ್ಕಿ ರೊಟ್ಟಿ ತಿಂದು, ಪಂಚೆ ಎತ್ತಿ ಕಟ್ಟಿ, ಮೇಲಿನ ಮೆಟ್ಟಿಲಲ್ಲಿ ನಿಂತ್ಕೊಂಡ.

ಒಬ್ಬ ಮುದುಕಿ ಕರೆದ್ಲು. ‘ಬುದ್ಧಿಯೋರ ಕೆಮ್ಮು ವಾಸಿ ಆಯ್ತಾ ಕೇಳಪ್ಪ.’ ದೊರೆ ಕೇಳ್ಕೊಂಡು ಬಂದು ‘ವಾಸಿಯಾಗಿದೆ’ ಅಂದ. ಅಷ್ಟಕ್ಕೆ ನಿಲ್ಲಿಸ್ದೆ, ಕೆಮ್ಮು ಯಾವಾಗ ಶುರುವಾಯ್ತು, ಯಾವ ಕಷಾಯ ಕುಡಿದ್ರು, ಅದಕ್ಕೆ ಎಷ್ಟು ಮೆಣಸು ಹಾಕಿದ್ದು, ಎಲ್ಲಾ ಹೇಳ್ದ.

ಇನ್ನೊಬ್ರು ಪೂಜೆ ಎಷ್ಟೊತ್ತಿಗೆ ಅಂದ್ರು. ಅವರಿಗೆ ಹೊತ್ತು ಹೇಳಿ, ಜೊತೆಗೆ ಎರಡು ಹಾಡೂ ಹೇಳ್ದ.

ಮಕ್ಕಳು ಆಟ ಆಡ್ಸು ಅಂದ್ವು. ಆಡ್ಸಿದ. ಕುಣಿ ಅಂದ್ವು. ಕುಣಿದ.

ಯಾರೂ ಕರೀದೇ ಇದ್ದಾಗ್ಲೂ ಬುದ್ಧಿಯೋರ ಹತ್ರ ಓಡಿ ಬಂದ. ‘ಬುದ್ಧಿ, ಹೊಳೇಲಿ ಒಂದು ಮೀನು ಎಗರ್ತು.’ ಸ್ವಲ್ಪ ಹೊತ್ತಿಗೆ ಮತ್ತೆ ಬಂದ. ‘ಬುದ್ಧಿ, ಜಗಲಿ ಮೇಲೆ ಬೆಕ್ಕು ಮಲಗಿದೆ.’

‘ನಾನು ಕರೆದ್ನೇನೋ?’

‘ಇಲ್ಲ. ಫೋನು ಹಂಗೇ ಅಲ್ವಾ ಬುದ್ಧಿ, ಕೇಳ್ದಿದ್ರೂ ಆಗಾಗ ಸುದ್ದಿ ಹೇಳುತ್ತೆ.’

‘ಸರಿ ಸರಿ. ಬೆಕ್ಕು ಎದ್ದ ಮೇಲೂ ಬಂದು ಹೇಳು.’

ದೊರೆ ಅದನ್ನೂ ಹೇಳ್ದ.

ಮಧ್ಯಾಹ್ನ ಆಯ್ತು. ಪಾತ್ರೆ ಬೆಳಗ್ತಾ ಇದ್ದಾಗ ಕರೆದ್ರು, ಬೂದಿ ಕೈಯಲ್ಲೇ ಓಡಿದ. ಬಿಸಿಲಲ್ಲಿ ಕರೆದ್ರು, ಕಣ್ಣು ಕುಕ್ಕಿ ಕರೆದೋರು ಯಾರು ಅಂತಲೇ ಕಾಣ್ಲಿಲ್ಲ. ಸಣ್ಣ ದನೀಲಿ ಕರೆದ ಒಬ್ಬ ತಾಯಿ ಮೂರು ಸಲ ಕರೆದು, ಕೇಳಿಸ್ಲಿಲ್ಲ ಅಂತ ಹಾಗೇ ಹೋಗ್ಬಿಟ್ಲು. ಅಡುಗೆಮನೆ ಕಡೆಯಿಂದ ಹುರುಳಿ ಸಾರಿನ ವಾಸನೆ ಬಂತು. ದೊರೆ ಬುದ್ಧಿಯೋರ ಮುಂದೆ ಬಂದು ನಿಂತ.

‘ಸ್ವಲ್ಪ ಚಾರ್ಜ್ ಹಾಕ್ಕೊಳ್ಳಾ ಬುದ್ಧಿ?’

‘ಕರೆಂಟಿಲ್ಲ ಮಗ.’

ದೀಪ ಹಚ್ಚೋ ಹೊತ್ತಿಗೆ ಹರಗೋಲು ಬಂತು. ಸಾಕಮ್ಮ ಹುಟ್ಟು ಹಾಕ್ತಿದ್ಲು. ಬೋರಯ್ಯ ಒಳಗೆ ಕೂತಿದ್ದ, ಕೆನ್ನೆ ಇಳಿದು ಹೋಗಿತ್ತು. ಇಳಿಯಪ್ಪ ಅಂದ್ರೆ ಇಳೀಲಿಲ್ಲ.

‘ಅಂಬಿಗ ಇಳಿದ್ರೆ ಹರಗೋಲು ನೋಡ್ಕೊಳ್ಳೋರ್ಯಾರು?’ ಅಂದ. ಮಗಳನ್ನ ನೋಡಿ ‘ನೀನು ಯಾವೂರಿಗೆ ಹೋಗ್ಬೇಕವ್ವ?’ ಅಂದ. ಸಾಕಮ್ಮ ಬುತ್ತಿ ಬಿಚ್ಚಿ ತಟ್ಟೆ ಅವನ ಮುಂದಿಟ್ಲು.

ಬುದ್ಧಿಯೋರು ಮೇಲಿನ ಮೆಟ್ಟಿಲಲ್ಲಿ. ಮಂಡಿ ನೋವಿಂದ ನಾಲ್ಕು ವರ್ಷ ಆಗಿತ್ತು ಅವರು ನೀರಿಗಿಳಿದು. ಅವರ ದನಿ ಕೆಳಗಿನವರೆಗೆ ಕೇಳೋ ಅಷ್ಟು ಗಟ್ಟಿ ಇರ್ಲಿಲ್ಲ.

‘ದೊರೆ, ಒಂದು ತುತ್ತು ತಗೋ ಅಂತ ಬುದ್ಧಿ ಹೇಳಿದ್ರು ಅನ್ನು.’

ದೊರೆ ಹನ್ನೆರಡು ಮೆಟ್ಟಿಲು ಇಳಿದು ಹೇಳ್ದ. ಬೋರಯ್ಯ ಕತ್ತೆತ್ತಿ ಮೇಲೆ ನೋಡ್ದ. ಅಲ್ಲೊಂದು ಬಿಳೀ ಗಡ್ಡ ಕಾಣ್ತು. ತುತ್ತು ಬಾಯಿಗಿಟ್ಕೊಂಡ.

‘ನೀರು ಏರಿದ್ಯಾ ಕೇಳು.’

ದೊರೆ ಹನ್ನೆರಡು ಹತ್ತಿದ.

‘ಇನ್ನೂ ಮೊಣಕಾಲಷ್ಟೇ ಅನ್ನು. ಇನ್ನೊಂದು ತುತ್ತು ತಗೋ ಅನ್ನು.’

ಹನ್ನೆರಡು ಇಳಿದ. ಎರಡನೇ ತುತ್ತು. ಹತ್ತಿದ, ಇಳಿದ, ಮೂರನೇದು. ಐದನೇದಕ್ಕೆ ಉಸಿರು ಬಾಯಿಗೆ ಬಂತು. ಆರನೇದಕ್ಕೆ ಕಾಲು ನಡುಗ್ತು.

ಏಳನೇ ತುತ್ತು ಬೋರಯ್ಯನ ಕೈಲಿತ್ತು. ದೊರೆ ಮೆಟ್ಟಿಲ ಅರ್ಧ ದಾರೀಲಿದ್ದ. ಅಲ್ಲೇ ಕುಸಿದು ಕೂತ. ಬಾಯಿ ತೆಗೆದ, ದನಿ ಹೊರಡ್ಲಿಲ್ಲ. ಕಣ್ಣಿಗೆ ಕತ್ತಲೆ ಬಂತು.

ಬೋರಯ್ಯ ಸ್ವಲ್ಪ ಹೊತ್ತು ಕಾದ. ಆಮೇಲೆ ತುತ್ತನ್ನ ವಾಪಸ್ ತಟ್ಟೆಗೆ ಇಟ್ಟ.

‘ಬುದ್ಧಿ ಹೊರಟೋದ್ರೇನೋ,’ ಅಂದ.

ಸಾಕಮ್ಮ ಸೆರಗು ಬಾಯಿಗಿಟ್ಕೊಂಡು ಆ ಕಡೆ ತಿರುಗಿದ್ಲು.

ದೊರೆಗೆ ಬೆಳಿಗ್ಗೆ ಹೇಳಿದ ಹಾಡು ನೆನಪಾಯ್ತು. ಬೆಕ್ಕು ನೆನಪಾಯ್ತು. ಕುಣಿದಿದ್ದು ನೆನಪಾಯ್ತು. ಕೂತಲ್ಲೇ ಅವನ ಕಣ್ಣಲ್ಲಿ ನೀರು ಬಂತು.

ಮೇಲೆ ಏನೋ ಸದ್ದಾಯ್ತು. ತಿರುಗಿ ನೋಡಿದ್ರೆ ಬುದ್ಧಿಯೋರು ಕೋಲು ಪಕ್ಕಕ್ಕಿಟ್ಟು, ಮೆಟ್ಟಿಲ ಮೇಲೆ ಕೂತು, ಎರಡೂ ಕೈ ಊರಿ ಕೆಳಗಿನ ಮೆಟ್ಟಿಲಿಗೆ ಜಾರ್ತಾ ಇದ್ರು. ಮಕ್ಕಳು ಮೆಟ್ಟಿಲು ಇಳಿಯೋ ಹಾಗೆ. ಒಂದೊಂದು ಮೆಟ್ಟಿಲಿಗೂ ಹಲ್ಲು ಕಚ್ಚೋರು, ಉಸಿರು ಬಿಡೋರು, ಮತ್ತೆ ಜಾರೋರು.

ದೊರೆ ಹತ್ರ ಬಂದಾಗ ಅವನ ತಲೆ ಮೇಲೆ ಕೈ ಇಟ್ರು.

‘ಸ್ವಲ್ಪ ಸರ್ಕೋ ಮಗ. ದಾರಿ ಬಿಡು.’

ಕೊನೆ ಮೆಟ್ಟಿಲಲ್ಲಿ ಕಾಲು ನೀರಿಗೆ ಬಿಟ್ಟು, ಹರಗೋಲಿನ ಅಂಚು ಹಿಡ್ಕೊಂಡ್ರು.

‘ಎಲ್ಲಿಗೂ ಹೋಗಿಲ್ಲ ಬೋರಣ್ಣ. ಇಲ್ಲೇ ಇದೀನಿ. ತಗೋ.’

ಬೋರಯ್ಯ ಏಳನೇ ತುತ್ತು ತಗೊಂಡ. ಎಂಟನೇದು, ಒಂಬತ್ತನೇದು ತಗೊಂಡ. ಪೂರ್ತಿ ಮುದ್ದೆ ಮುಗಿಸಿ ಬೆರಳು ನೆಕ್ಕಿದ. ಸಾಕಮ್ಮ ಬುತ್ತೀಲಿ ಉಳಿದಿದ್ದ ಇನ್ನೊಂದು ಮುದ್ದೆ ಮುರಿದು, ಸಾರಿಗೆ ಅದ್ದಿ ದೊರೆ ಮುಂದೆ ಹಿಡಿದ್ಲು.

‘ನೀನೂ ಬಾಯಿ ತೆಗಿಯಪ್ಪ ಫೋನೇ.’

ಅವನು ಅಳ್ತಾನೇ ತಿಂದ. ಆಮೇಲೆ ಬುದ್ಧಿಯೋರನ್ನ ಬೆನ್ನ ಮೇಲೆ ಹೊತ್ಕೊಂಡು ಮೇಲೆ ಹತ್ತಿದ.

ಮಾರನೇ ದಿನ ಅಂಗಡಿ ಬಾಗಿಲು ತೆಗೆಯೋ ಹೊತ್ತಿಗೇ ದೊರೆ ಅಲ್ಲಿದ್ದ. ಕೈಯಲ್ಲಿ ಪಟ್ಟಿ ಇರ್ಲಿಲ್ಲ.

‘ಜಬಿ ಭಾಯ್, ಬೆಳಿಗ್ಗೆ ತುಂಬಿಸಿದ್ರೆ ಸಂಜೆ ಮುಕ್ಕಾಲು ಗಂಟೆ ಮುಖ ತೋರಿಸ್ಕೊಂಡು ಮಾತಾಡೋ ಅಷ್ಟು ಉಳಿದಿರ್ಬೇಕು. ಯಾವುದಿದೆ?’

ಜಬೀವುಲ್ಲಾ ಒಂದು ದಪ್ಪ ಫೋನು ಮುಂದಿಟ್ಟ. ‘ಇದು ಎರಡು ದಿನ ಬರುತ್ತೆ. ನೋಡೋಕೆ ಮಾತ್ರ ಇಟ್ಟಿಗೆ ಥರ. ಯಾರೂ ಕೇಳಲ್ಲ ಇದನ್ನ.’

ದೊರೆ ಅದನ್ನ ಬೀದಿಗೆ ತಗೊಂಡ್ಹೋಗಿ ಬಿಸಿಲಿಗೆ ಹಿಡಿದು ನೋಡ್ದ. ಅಕ್ಷರ ಕಾಣ್ತು. ಚೊಂಬಿನ ನೀರಲ್ಲಿ ಬೆರಳು ಅದ್ದಿ, ಕರೆ ಮಾಡಿಸಿ, ಒದ್ದೆ ಕೈಲೇ ಎತ್ತಿದ. ಮೇಜಿನ ಮೇಲಿಟ್ಟು ಹತ್ತು ಹೆಜ್ಜೆ ಹಿಂದೆ ಹೋಗಿ ದನಿ ಕೇಳುತ್ತಾ ನೋಡ್ದ.

‘ಕ್ಯಾಮರಾ ಹೇಗಿದೆ ಕೇಳಲ್ವಾ? ಮೊನ್ನೆ ಒಂದು ಗಂಟೆ ಅದನ್ನೇ ಕೇಳ್ತಿದ್ರಿ.’

‘ಬುದ್ಧಿಯೋರ ಗಡ್ಡ ಕಂಡ್ರೆ ಸಾಕು. ಆಮೇಲೆ ಭಾಯ್, ಕೇಳ್ದೇ ಇದ್ರೂ ಟಿಣ್ ಟಿಣ್ ಅಂತ ಸುದ್ದಿ ಹೇಳುತ್ತಲ್ಲ, ಅದೆಲ್ಲಾ ಬಾಯಿ ಮುಚ್ಚಿಸಿ ಕೊಡಿ.’

ಅವತ್ತು ಸಂಜೆ ಸಾಕಮ್ಮನ ಕರೆ ಬಂತು. ಬುದ್ಧಿಯೋರು ಮೇಲಿನ ಮೆಟ್ಟಿಲಲ್ಲಿ ಕೂತಿದ್ರು. ದೊರೆ ಫೋನನ್ನ ಅವರ ಮುಖದ ಮುಂದೆ ಹಿಡಿದು ಕೂತಿದ್ದ. ಪರದೇಲಿ ಬೋರಯ್ಯ ಇಷ್ಟಗಲ ನಕ್ಕ.

‘ಬುದ್ಧಿ, ಕಾಲು ನೀರಲ್ಲಿ ನೆಂದಿತ್ತಲ್ಲ, ಒರೆಸ್ಕೊಂಡ್ರಾ?’

ಮಗಳ ಹೆಸರು ಮರೆತೋನು ಅದನ್ನ ಹೇಗೆ ನೆನಪಿಟ್ಕೊಂಡಿದ್ನೋ.

‘ಒರೆಸ್ಕೊಂಡೆ ಬೋರಣ್ಣ. ಒಂದು ತುತ್ತು ತಗೋ.’

ಮುದ್ದೆ ಮುಗೀತು. ಅವನು ನೀರು ಕುಡಿದ. ಸಾಕಮ್ಮ ‘ಇಡ್ತೀನಿ ಬುದ್ಧಿ’ ಅಂದ್ಲು, ಅವಳೇ ಇಟ್ಲು.

ದೊರೆ ಫೋನಿನ ಮೂಲೇಲಿದ್ದ ಅಂಕಿ ನೋಡ್ದ. ಅವನ ಮುಖ ಅರಳ್ತು.

‘ಬುದ್ಧಿ, ಇನ್ನೂ ಅರ್ಧದ ಮೇಲೆ ಉಳಿದಿದೆ. ಸುಮ್ನೆ ಯಾಕೆ ಖರ್ಚಾಗ್ಬೇಕು, ಆಫ್ ಮಾಡಿ ಎತ್ತಿಡ್ತೀನಿ.’

ಬುದ್ಧಿಯೋರು ಮಂಡಿಗೆ ಎಣ್ಣೆ ತಿಕ್ಕೋದು ನಿಲ್ಲಿಸಿದ್ರು.

‘ಆಮೇಲೆ ಎತ್ತಿಡುವೆಯಂತೆ. ನಿಮ್ಮವ್ವ ಉಂಡ್ಲಾ, ಕೇಳು.’