ಅಲುಗದ ಮುಳ್ಳು

ಹೊಸ ಕಾರ್ಖಾನೆಯ ದೊಡ್ಡ ಪೈಪಿಗೆ ನೀರು ತುಂಬಿ, ತಪಾಸಣೆಯ ಸಾಹೇಬರ ಎದುರು ಒತ್ತಡದ ಪರೀಕ್ಷೆ ನಡೆದಿತ್ತು. ಒತ್ತಡ ತೋರಿಸಲು ಎರಡು ಗೇಜುಗಳಿದ್ದವು. ಹಳೆಯದರ ಮುಳ್ಳು ತುಕ್ಕು ಹಿಡಿದು, ಪಾಸಾಗಲು ಬೇಕಾದ ಅಂಕೆಯ ಮೇಲೆಯೇ ಸಿಕ್ಕಿಕೊಂಡಿತ್ತು. ಹೊಸದರ ಮುಳ್ಳು ಮೆಲ್ಲಗೆ ಇಳಿಯತೊಡಗಿತು.

"ಏನಯ್ಯಾ, ಸಾಹೇಬರ ಮುಂದೆ ಹೀಗೆ ಇಳಿಯುವುದೇ? ಮರ್ಯಾದೆ ಬೇಡವೇ?" ಎಂದು ಹಳೆಯದು ಗದರಿತು.

"ಪೈಪಿನ ಬೆಸುಗೆ ಸೋರುತ್ತಿದೆ ಅಣ್ಣಾ, ನಾನೇನು ಮಾಡಲಿ?" ಎಂದಿತು ಹೊಸದು.

ಸಾಹೇಬರು ಎರಡನ್ನೂ ನೋಡಿದರು. ಮರುದಿನವೇ ಉದ್ಘಾಟನೆ. "ಈ ಹೊಸದು ಕೆಟ್ಟಿದೆ, ಒಂದು ಕಡೆ ನಿಲ್ಲುವುದೇ ಇಲ್ಲ. ಕಿತ್ತು ಗುಜರಿಗೆ ಹಾಕಿ" ಎಂದು ಹೇಳಿ ಪೈಪನ್ನು ಪಾಸು ಮಾಡಿದರು.

ಮರುದಿನ ಮಂತ್ರಿಗಳು ಗುಂಡಿ ಒತ್ತಿದ್ದೇ ತಡ, ಪೈಪು ಸಿಡಿಯಿತು. ಹಳೆಯ ಗೇಜು ಹಾರಿಬಂದು ಗುಜರಿ ರಾಶಿಯಲ್ಲಿ ಹೊಸದರ ಪಕ್ಕಕ್ಕೇ ಬಿತ್ತು.

"ಪೈಪೆಲ್ಲಿ ಅಣ್ಣಾ?" ಎಂದು ಹೊಸದು ಕೇಳಿತು.

"ಪೈಪಿನ ಮಾತು ಬಿಡು," ಎಂದಿತು ಹಳೆಯದು, ಅದೇ ಅಂಕೆ ತೋರಿಸುತ್ತ. "ಒತ್ತಡ ನೋಡು, ಸರಿಯಾಗಿಯೇ ಇದೆ."